ಕೈ ಒರೆಸುವ ಟವೆಲ್

ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಬಣ್ಣದ ಮೀನು ಮಾರುತ್ತಿದ್ದವರ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತಿತ್ತು. ಒಂದು ತೊಟ್ಟಿ ಮುಟ್ಟಿದ ಕೈಯನ್ನು ಒರೆಸದೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಗಿರಾಕಿಗಳಿಗೂ ಅದೇ ಮಾತು: “ಕೈ ಒರೆಸ್ಕಳಿ.”

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಬೆಳಿಗ್ಗೆ ಗದ್ದೆ ಕೆಲಸ ಮುಗಿಸಿ, ಬಸ್ಸು ಹಿಡಿದು ಹೋಗಿ ಪ್ರಾಣಿಶಾಸ್ತ್ರ ಓದಿದವನು. ಒಮ್ಮೆ ಆ ಮೀನಿನ ಅಂಗಡಿಗೆ ಹೋದಾಗ ಮೂಲೆಯ ತೊಟ್ಟಿಯ ಮೀನುಗಳಿಗೆ ರವೆ ಮೆತ್ತಿದಂತೆ ಬಿಳಿ ಚುಕ್ಕಿ ಎದ್ದಿತ್ತು. ಅವರು ನೀರು ಬೆಚ್ಚಗಿಟ್ಟು ಔಷಧಿ ಹಾಕಿದ್ದರು.

“ಇದು ಪರಾವಲಂಬಿ ಜೀವಿ. ಚುಕ್ಕಿ ಉದುರಿದ ಮೇಲೂ ತಳದಲ್ಲಿ ಒಂದೊಂದೂ ನೂರಾಗುತ್ತೆ,” ಎಂದು ಆ ನೀರಿಗೆ ಬೆರಳದ್ದಿ ತೋರಿಸಿದೆ. ಅದೇ ಬೆರಳನ್ನು ಪಕ್ಕದ ತೊಟ್ಟಿಗೂ ಅದ್ದಿ, “ಇವು ಚೆನ್ನಾಗಿವೆ,” ಎಂದೆ.

ಆ ಚೆನ್ನಾಗಿದ್ದ ಮೀನುಗಳು ಮರುದಿನ ಸರಗೂರಿನ ಹೊಸ ಹೋಟೆಲಿನ ಗಾಜಿನ ತೊಟ್ಟಿಗೆ ಹೋಗಬೇಕಿತ್ತು. ಅವರು ಹೋಟೆಲಿನವರಿಗೆ ಫೋನ್ ಮಾಡಿದರು.

“ಅಣ್ಣಾ, ನಾಳೆ ಮೀನು ಕೊಡಕಾಗಲ್ಲ. ಕಾಯ್ಲೆ ಅಂಟಿರಬೌದು, ಎರಡು ವಾರ ನೋಡ್ಬೇಕು. ಬೇರೆ ಕಡೆ ತಗತೀರಾ? ಆಯ್ತು ಬುಡಿ.”

ಯಾರು ಅಂಟಿಸಿದರೆಂದು ಹೇಳಲಿಲ್ಲ. ಫೋನ್ ಇಟ್ಟು, ಹೆಗಲ ಮೇಲಿನ ಟವೆಲನ್ನು ನನ್ನ ಕಡೆ ಚಾಚಿದರು.

“ನೀವು ಹೇಳಿದ್ದೆಲ್ಲ ಸರಿಯಾಗೇ ಐತೆ ಸಾರ್. ಕೈ ಒರೆಸ್ಕಳಿ.”