ಒದ್ದೆಯಾಗದ ಬಟ್ಟೆ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಆಕೆಗಿದ್ದ ಹೆಸರು ಸಿಡುಕಮ್ಮ. ಇಟ್ಟವರು ಯಾರೋ ಗೊತ್ತಿಲ್ಲ, ಹಾಗೆ ಕರೆಯದವರಂತೂ ಯಾರೂ ಇರಲಿಲ್ಲ. ಕೆಲಸಕ್ಕೆ ಬರುವ ತಾಯಂದಿರ ಕೂಸುಗಳನ್ನು ಹಗಲು ಹೊತ್ತು ಇಟ್ಟುಕೊಳ್ಳಲು ಅಲ್ಲಿ ಒಂದು ಮಕ್ಕಳ ಕೋಣೆಯಿತ್ತು. ಅದರಲ್ಲಿ ಹನ್ನೆರಡು ತೊಟ್ಟಿಲು. ಆ ಹನ್ನೆರಡು ತೊಟ್ಟಿಲುಗಳ ಲಂಗೋಟಿ ಒಗೆಯುವುದು ಆಕೆಯ ಕೆಲಸ. ಪ್ರತಿ ಲಂಗೋಟಿಯ ಅಂಚಿಗೂ ಅದರ ತೊಟ್ಟಿಲಿನ ಸಂಖ್ಯೆ ಹೊಲಿದಿರುತ್ತಿತ್ತು. ಕಟ್ಟಡದ ಹಿಂದೆ ಒಂದು ಸಿಮೆಂಟು ತೊಟ್ಟಿ, ಎರಡು ಒಗೆಯುವ ಕಲ್ಲು, ನಾಲ್ಕು ಸಾಲು ತಂತಿ. ಹದಿನಾಲ್ಕು ವರ್ಷ ಆಕೆ ಅಲ್ಲೇ ಇದ್ದಳು. ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಮ್ಯಾನೇಜರು ಎದುರು ಬಂದರೂ ಬಕೆಟ್ಟನ್ನು ಪಕ್ಕಕ್ಕೆ ಸರಿಸುತ್ತಿರಲಿಲ್ಲ, ಅವನೇ ಪ್ಯಾಂಟು ಎತ್ತಿಕೊಂಡು ದಾಟಿ ಹೋಗಬೇಕಿತ್ತು. ನಮ್ಮ ಹೆಸರುಗಳನ್ನು ಕಲಿಯುವ ಗೋಜಿಗೂ ಹೋದವಳಲ್ಲ. ಅಂಗಿಯ ಯಾವ ಭಾಗ ಹೊಲಿಯುತ್ತೀವೋ ಅದೇ ನಮ್ಮ ಹೆಸರು. ಒಬ್ಬಳು ತೋಳು, ಒಬ್ಬಳು ಗುಂಡಿ, ನಾನು ಕಾಲರು.

ಆಕೆಗೆ ಒಂದು ಅಭ್ಯಾಸವಿತ್ತು. ಬಂದ ಪ್ರತಿ ಬಟ್ಟೆಯನ್ನೂ ಮುಷ್ಟಿಯಲ್ಲಿ ಹಿಂಡಿ, ಮೂಗಿನ ಹತ್ತಿರ ಹಿಡಿದು ಮೂಸಿ, ಆಮೇಲೆಯೇ ನೀರಿಗೆ ಹಾಕುತ್ತಿದ್ದಳು. ಇದನ್ನು ನಾವು ಕಿಟಕಿಯಿಂದ ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆವು. ಊಟದ ಹೊತ್ತಿನಲ್ಲಿ ನಾನು ಕರ್ಚೀಫು ಹಿಡಿದು, ಕಣ್ಣು ಮುಚ್ಚಿ, ಹೂವು ಮೂಸಿದಂತೆ ನಟಿಸಿ ಹತ್ತು ಜನರನ್ನು ನಗಿಸಿದ್ದೇನೆ. ದಿನವಿಡೀ ಬಿಳಿ ಬಟ್ಟೆ ಮುಟ್ಟುವವಳೆಂಬ ಸೊಕ್ಕು ನನಗೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಕ್ಕಳ ಕೋಣೆಯ ಯಜಮಾನಿಕೆ ಮೇಡಂ ಅವರದು. ಮೂರು ವಾರದ ತರಬೇತಿ ಮುಗಿಸಿದ ಮಹಾತಾಯಿ. ಅದರ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತೊಟ್ಟಿಲುಗಳ ನೆತ್ತಿಯ ಮೇಲೆ ನೇತುಹಾಕಿದ್ದಳು, ಕೂಸುಗಳು ಓದಲಿ ಅಂತಲೋ ಏನೋ. ಬಾಗಿಲ ಪಕ್ಕ ಒಂದು ಕರಿಹಲಗೆ. ಯಾವ ಮಗು ದಿನಕ್ಕೆ ಎಷ್ಟು ಬಟ್ಟೆ ಹಾಳು ಮಾಡಿತು ಎಂದು ಅದರಲ್ಲಿ ಬರೆಯುತ್ತಿದ್ದಳು. ಕಡಿಮೆ ಬಟ್ಟೆಯ ಮಗುವಿಗೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ನಕ್ಷತ್ರ. ಹತ್ತು ತಿಂಗಳ ಕೂಸು ಉಚ್ಚೆ ಹೊಯ್ಯದೆ ಇದ್ದದ್ದಕ್ಕೆ ಬಹುಮಾನ ಕೊಡುವ ಪಂಡಿತೆ ಇನ್ನೆಲ್ಲಾದರೂ ಇದ್ದಾಳೋ, ನಾ ಕಾಣೆ. ತಪಾಸಣೆಗೆ ಬಂದ ದೊಡ್ಡವರು ಆ ನಕ್ಷತ್ರಗಳನ್ನು ನೋಡಿ ತಲೆದೂಗಿ, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಿದ್ದರು. ದೂಗುವುದು ಬಿಟ್ಟರೆ ಆ ತಲೆಗಳಿಗೆ ಬೇರೆ ಕೆಲಸ ಇದ್ದಂತೆ ಕಾಣಲಿಲ್ಲ. ಮಧ್ಯಾಹ್ನದ ಮೇಲೆ ಮಕ್ಕಳಿಗೆ ನೀರು ಕೊಡುವುದನ್ನು ಮೇಡಂ ಯಾಕೆ ನಿಲ್ಲಿಸಿಬಿಡುತ್ತಾಳೆ ಎಂದು ಅವರೂ ಕೇಳಲಿಲ್ಲ, ತಾಯಂದಿರಾದ ನಾವೂ ಕೇಳಲಿಲ್ಲ. ನಮಗೆ ನಕ್ಷತ್ರ ಬೇಕಿತ್ತು.

ಒಂದು ಮಂಗಳವಾರ ಬೆಳಿಗ್ಗೆಯಿಂದ ನನ್ನ ಮಗಳಿಗೆ ಭೇದಿ ಶುರುವಾಯಿತು. ರಜೆ ಕೇಳಿದರೆ ಸೂಪರ್‌ವೈಸರನ ಮುಖ ನೋಡಬೇಕಲ್ಲ, ಅದಕ್ಕೆ ಮಗುವನ್ನು ಕರೆದುಕೊಂಡೇ ಹೋದೆ. ಹತ್ತು ಗಂಟೆಯೊಳಗೆ ಏಳು ಬಟ್ಟೆ. ನಾನು ಹಾಲೂಡಿಸಲು ಹೋದಾಗ ಮೇಡಂ ಹಲಗೆಯ ಮುಂದೆ ನಿಂತು, ನಾನೇ ಏನೋ ಕದ್ದವಳಂತೆ ನನ್ನನ್ನು ನೋಡಿದಳು.

"ಇನ್ಮೇಲೆ ಹಾಲೂ ಬೇಡ, ನೀರೂ ಬೇಡ. ಮೇಲಿಂದ ಹಾಕಿದ್ರೆ ತಾನೇ ಕೆಳಗಿಂದ ಹೋಗೋದು? ಒಂದು ದಿನ ಹೊಟ್ಟೆಗೆ ರೆಸ್ಟ್ ಕೊಡಿ, ತಾನಾಗೇ ಕಟ್ಟುತ್ತೆ."

"ಆಗಲಿ ಮೇಡಂ," ಎಂದೆ. ಎರಡು ಮಕ್ಕಳಿಗೆ ಆಗುವಷ್ಟು ಹಾಲು ಎದೆಯಲ್ಲಿ ಇಟ್ಟುಕೊಂಡು ಆಗಲಿ ಎಂದೆ. ರಾತ್ರಿ ಅಳು ತಡೆಯಲಾಗದೆ ಎರಡು ಸಲ ಹಾಲು ಕೊಟ್ಟೆ, ಕೊಟ್ಟು ತಪ್ಪು ಮಾಡಿದವಳಂತೆ ಒದ್ದಾಡಿದೆ.

ಬುಧವಾರ ಹನ್ನೊಂದಕ್ಕೆ ಹಾಲೂಡಿಸುವ ಬಿಡುವಿನಲ್ಲಿ ಕೋಣೆಗೆ ಹೋದರೆ ಮೇಡಂ ಮುಖ ಅರಳಿತ್ತು. ನನ್ನ ಮಗಳ ಸಾಲಿನಲ್ಲಿ ಎರಡೇ ಬಟ್ಟೆ, ಪಕ್ಕದಲ್ಲಿ ಹಳದಿ ನಕ್ಷತ್ರ.

"ನೋಡಿದ್ರಾ? ಕಟ್ಟಿತು. ಹೇಗೆ ಮಲಗಿದಾಳೆ ನೋಡಿ, ಬೆಳಿಗ್ಗೆಯಿಂದ ಒಂದು ಗಲಾಟೆ ಇಲ್ಲ. ಎಬ್ಬಿಸಬೇಡಿ."

ನಾನು ಆ ಹೆಂಗಸಿಗೆ ಕೈ ಮುಗಿದೆ. ಮಗುವನ್ನು ಮುಟ್ಟದೆ, ಮೇಲಿನಿಂದಲೇ ನೋಡಿ, ಖುಷಿಯಾಗಿ ಮೆಷಿನ್ನಿಗೆ ವಾಪಸು ಬಂದೆ. ಹತ್ತು ಕಾಲರ್ ಕೂಡ ಆಗಿರಲಿಲ್ಲ, ಹೊಲಿಗೆ ಹಾಲಿನ ಬಾಗಿಲಲ್ಲಿ ಸಿಡುಕಮ್ಮ ಕಾಣಿಸಿಕೊಂಡಳು. ಆಕೆ ಎಂದೂ ಒಳಗೆ ಬಂದವಳಲ್ಲ. ಕೈಯಲ್ಲಿ ಎರಡು ಲಂಗೋಟಿ.

"ಏಯ್ ಕಾಲರು, ಎದ್ದೇಳು."

ಸೂಪರ್‌ವೈಸರ್ ಓಡಿಬಂದ. "ಏನಮ್ಮ ಇದು, ಊಟದ ಬೆಲ್ ಆಗ್ಲಿ, ಆಮೇಲೆ ಮಾತಾಡ್ಕೊಳ್ಳಿ."

ಆಕೆ ಆ ಎರಡು ಲಂಗೋಟಿಗಳನ್ನು ಅವನ ಮೇಜಿನ ಮೇಲೆ, ಇಸ್ತ್ರಿ ಮಾಡಿಟ್ಟ ಅಂಗಿಗಳ ಪಕ್ಕದಲ್ಲೇ ಇಟ್ಟಳು. ಅವನು ಮೂರು ಹೆಜ್ಜೆ ಹಿಂದೆ ಜಿಗಿದ. ಇನ್ನೂರು ಹೆಂಗಸರ ಮೇಲೆ ದಿನವಿಡೀ ಅರಚುವ ಗಂಡಸು, ಅಂಗೈಯಗಲದ ಕಲೆಗೆ ಹೆದರಿ ಗೋಡೆಗೆ ಅಂಟಿಕೊಂಡ.

"ಮುಟ್ಟು," ಎಂದಳು ನನಗೆ. "ಅಸಹ್ಯಪಡಬೇಡ, ನಿನ್ನ ಮಗಳದೇ. ಮುಟ್ಟು."

ಮುಟ್ಟಿದೆ. ನಡುವೆ ಒಂದಿಷ್ಟು ಕಲೆ, ಸುತ್ತಲೂ ಬಟ್ಟೆ ಗರಿಗರಿ ಒಣಗಿತ್ತು.

"ಉಚ್ಚೆ ಎಲ್ಲಿ? ಬೆಳಿಗ್ಗೆಯಿಂದ ಒಂದು ಹನಿ ಇಲ್ಲ. ನಿನ್ನೆ ಬಟ್ಟೆಲೂ ಮಧ್ಯಾಹ್ನದ ಮೇಲೆ ಇರಲಿಲ್ಲ. ಬೆಳಿಗ್ಗೆ ಮನೇಲಿ ಬಿಚ್ಚಿದ್ಯಲ್ಲ, ಆ ಬಟ್ಟೆ ಒದ್ದೆ ಇತ್ತಾ?"

ನೆನಪು ಮಾಡಿಕೊಂಡೆ. ಮಲಗುವ ಮುಂಚೆ ಕಟ್ಟಿದ ಬಟ್ಟೆ ಬೆಳಿಗ್ಗೆಯೂ ಹಾಗೇ ಒಣಗಿತ್ತು. ಒಗೆಯುವ ಕೆಲಸ ತಪ್ಪಿತು ಎಂದು ಅದನ್ನೇ ಮತ್ತೆ ಕಟ್ಟಿದ್ದೆ.

ಮಕ್ಕಳ ಕೋಣೆಗೆ ಓಡಿದೆವು. ಮೇಡಂ ಬಾಗಿಲಿಗೆ ಅಡ್ಡ ನಿಂತಳು. "ನೀನು ಬಟ್ಟೆ ಒಗೆಯೋಳು, ಹೋಗಿ ಬಟ್ಟೆ ಒಗಿ. ಇಲ್ಲಿ ನಿನಗೇನು ಕೆಲಸ?"

"ಒಗೆಯೋಕೆ ಬಟ್ಟೆ ಎಲ್ಲಿ ಬಂತು? ಅದನ್ನೇ ಕೇಳೋಕೆ ಬಂದೆ," ಎನ್ನುತ್ತ ಸಿಡುಕಮ್ಮ ಆಕೆಯನ್ನು ತೋಳಿನಿಂದ ತಳ್ಳಿಕೊಂಡೇ ಒಳಗೆ ಹೋದಳು.

ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು. ಅದು ಕೂಡಲೇ ಮಟ್ಟವಾಗಬೇಕಿತ್ತು. ಆಗಲಿಲ್ಲ, ಸುಕ್ಕಾಗಿ ನಿಂತು ನಿಧಾನವಾಗಿ ಇಳಿಯಿತು. ನನ್ನ ಬೆರಳು ಹಿಡಿದು ಮಗುವಿನ ಬಾಯೊಳಗೆ ಇಡಿಸಿದಳು, ನಾಲಿಗೆ ಒಣಗಿ ಅಂಟುತ್ತಿತ್ತು. ಕಣ್ಣುಗಳು ಗುಳಿಬಿದ್ದಿದ್ದವು. ಮೇಡಂ ಹೊಗಳಿದ ನಿದ್ದೆ ನಿದ್ದೆಯಾಗಿರಲಿಲ್ಲ. ಎತ್ತಿಕೊಂಡಾಗ ಮಗಳು ಕ್ಷೀಣವಾಗಿ ಅತ್ತಳು, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ.

"ನಿಂತು ನೋಡಬೇಡ, ಎದೆಗೆ ಹಾಕ್ಕೋ. ಹಾಕ್ಕೊಂಡೇ ನಡಿ."

"ಹಾಲು ಕೊಟ್ರೆ ಮತ್ತೆ ಶುರುವಾಗುತ್ತೆ! ನಾನು ಜವಾಬ್ದಾರಿ ಅಲ್ಲ," ಎಂದಳು ಮೇಡಂ.

"ನೀನು ಯಾವತ್ತು ಆಗಿದ್ದೆ?" ಸಿಡುಕಮ್ಮ ತಿರುಗಿಯೂ ನೋಡಲಿಲ್ಲ.

ಮೇಡಂ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಆಕೆಗಾಗಿ ಬಾಯಿ ಹೊಲಸು ಮಾಡಿಕೊಳ್ಳುವ ಮನಸ್ಸಿಲ್ಲ. ಆಕೆಗೆ ಏನೂ ಆಗಲಿಲ್ಲ. ಕರಿಹಲಗೆ ತೆಗೆಸಿದರು. ಆ ಜಾಗದಲ್ಲಿ ಈಗ ಒಂದು ದೊಡ್ಡ ಚಿತ್ರಪಟವಿದೆ: ಭೇದಿಯಾದ ಮಗುವಿಗೆ ಹಾಲು ನಿಲ್ಲಿಸಬೇಡಿ, ಓಆರ್‌ಎಸ್ ಕುಡಿಸಿ, ಉಚ್ಚೆ ಆಗುತ್ತಿದೆಯೇ ನೋಡಿ. ಅದರ ಕೆಳಗೆ ಮೇಡಂ ಫೋಟೋ, ಹಲ್ಲು ಕಿರಿದುಕೊಂಡು. ತಪಾಸಣೆಯವರು ಬಂದು ಈಗ ಅದಕ್ಕೆ ತಲೆದೂಗುತ್ತಾರೆ.

ಆರೋಗ್ಯ ಕೇಂದ್ರ ಎರಡು ಬೀದಿಯಾಚೆ. ದಾರಿಯುದ್ದಕ್ಕೂ ಮಗಳು ನಾಲ್ಕು ಗುಟುಕು ಹೀರುವುದು, ಬಿಡುವುದು. ಅಲ್ಲಿದ್ದ ನರ್ಸಮ್ಮ ಮಗುವನ್ನು ನೋಡಿದವಳೇ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಇಡೀ ಓಆರ್‌ಎಸ್ ಪೊಟ್ಟಣ ಸುರಿದು ಕಲಸಿದಳು.

"ಒಂದು ನಿಮಿಷಕ್ಕೆ ಒಂದು ಚಮಚ. ಆತುರ ಬೇಡ. ಭೇದಿ ಆದ್ರೆ ಆಗ್ಲಿ, ಕುಡಿಸೋದು ನಿಲ್ಲಿಸಬೇಡಿ. ನಾಲ್ಕು ಗಂಟೆವರೆಗೆ ನೋಡೋಣ. ಕುಡಿಯದೆ ಇದ್ರೆ, ಇಲ್ಲ ಇನ್ನೂ ಸುಸ್ತಾದ್ರೆ, ತಕ್ಷಣ ದೊಡ್ಡ ಆಸ್ಪತ್ರೆಗೆ. ಅಲ್ಲಿ ಸೂಜಿ ಹಾಕಿ ಡ್ರಿಪ್ ಕೊಡಬೇಕಾಗುತ್ತೆ." ಆಮೇಲೆ ಕೇಳಿದಳು, "ನಿನ್ನೆಯಿಂದ ಏನು ಕೊಟ್ರಿ?"

ನಾನು ತಲೆ ತಗ್ಗಿಸಿ ರಾತ್ರಿಯ ಕಥೆ ಹೇಳಿದೆ, ತಪ್ಪೊಪ್ಪಿಕೊಂಡಂತೆ.

"ಆ ಎರಡು ಸಲ ಕೊಟ್ರಲ್ಲ, ಅಷ್ಟಾದ್ರೂ ಕೊಟ್ರಿ ಅಂತ ಸಮಾಧಾನ ಪಡಿ," ಎಂದಳು ನರ್ಸಮ್ಮ.

ಮೊದಲ ಅರ್ಧ ಗಂಟೆ ನಾನೇ ಕುಡಿಸಿದೆ. ಕುಡಿದದ್ದನ್ನೆಲ್ಲ ಮಗು ಒಮ್ಮೆಲೇ ಕಕ್ಕಿತು. ನನ್ನ ಕೈಯಿಂದ ಚಮಚ ಜಾರಿತು. ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ ಎಂದಳು ನರ್ಸಮ್ಮ. ಮತ್ತೆ ಕೊಡಲು ಹೋಗಿ ಅರ್ಧ ಚಮಚ ಮಗುವಿನ ಕತ್ತಿಗೆ ಚೆಲ್ಲಿದೆ.

"ಇತ್ತ ಕೊಡು, ಕಾಲರು. ಅಳೋದಾದ್ರೆ ಆ ಮೂಲೇಲಿ ಕೂತು ಅಳು," ಎಂದು ಸಿಡುಕಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಬಟ್ಟೆ ಒಗೆಯುವ ಸೋಡಾದಲ್ಲಿ ಬಿರುಕುಬಿಟ್ಟ ಆ ಬೆರಳುಗಳು ಒಂದು ಹನಿಯೂ ಚೆಲ್ಲದೆ ಚಮಚ ಹಿಡಿದವು. ಕುಡಿಸುತ್ತಲೇ, ನನ್ನ ಮುಖ ನೋಡದೆ, ಯಾರದೋ ವಿಷಯ ಹೇಳುವಂತೆ ಹೇಳಿದಳು.

"ನನಗೊಬ್ಬ ಮಗ ಇದ್ದ. ಹನ್ನೊಂದು ತಿಂಗಳು. ನಮ್ಮತ್ತೆ ನೀರು ಕೊಡಬೇಡ ಅಂದ್ರು, ನಾನೂ ಕೊಡಲಿಲ್ಲ. ಎರಡನೇ ದಿನ ಬಟ್ಟೆನೇ ಬೀಳಲಿಲ್ಲ. ಊರವರ ಬಟ್ಟೆ ಒಗೆದು ಸಾಕಾಗಿತ್ತಲ್ಲ, ಅಬ್ಬಾ, ಇವತ್ತು ಇವನದೊಂದು ತಪ್ಪಿತು ಅಂತ ಗೋಡೆಗೆ ಒರಗಿ ಕಾಲು ಚಾಚಿ ಕೂತೆ. ಸಂಜೆ ಎತ್ತಿಕೊಂಡ್ರೆ ಕತ್ತು ನಿಲ್ಲಲಿಲ್ಲ. ಆಸ್ಪತ್ರೆ ಬಾಗಿಲಿಗೆ ಹೋಗೋ ಹೊತ್ತಿಗೆ ಮುಗಿದಿತ್ತು."

ನಾನು ಬೆಂಚಿನ ಮೇಲೆ ಆಕೆಯ ಪಕ್ಕಕ್ಕೆ ಸರಿದು ಕೂತೆ.

"ಆ ನಕ್ಷತ್ರದವಳನ್ನ ನೀವೆಲ್ಲ ಬೈತೀರಿ ಇನ್ನು ಮೇಲೆ. ಬೈಯಿರಿ. ಅವಳಿಗಾದ್ರೆ ಬೇರೆಯವರ ಮಗು, ನನಗೆ ನನ್ನದೇ. ಅವತ್ತು ಕಾಲು ಚಾಚಿ ಕೂತಿದ್ನಲ್ಲ, ಅಂಥ ಹೆಂಗಸನ್ನ ನಾನು ಬೇರೆ ನೋಡಿಲ್ಲ." ತುಟಿ ಸೊಟ್ಟ ಮಾಡಿ ಇನ್ನೊಂದು ಚಮಚ ಎತ್ತಿದಳು. "ಬಾಯಿ ತೆಗಿಯೇ, ರಾಜಕುಮಾರಿ. ನಿಮ್ಮಮ್ಮನ ಹಾಗೆ ಬಿಂಕ ಬೇಡ."

ಎಂಟು ತಿಂಗಳಿಂದ ಈಕೆಯನ್ನು ಕಂಡವಳು ನಾನು. ನಮ್ಮೆಲ್ಲರ ಮೇಲೆ ಕಾರುತ್ತಿದ್ದ ಆ ತಿರಸ್ಕಾರದಲ್ಲಿ ನಮ್ಮ ಪಾಲು ತೀರಾ ಸಣ್ಣದು, ದೊಡ್ಡ ಪಾಲನ್ನು ಆಕೆ ತನಗೇ ಇಟ್ಟುಕೊಂಡಿದ್ದಳು ಎಂದು ಆಗ ತಿಳಿಯಿತು. ಬೆಂಚಿನ ಮೇಲೆ ಅವಳ ಪಕ್ಕ ಕೂತು ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಎರಡು ಗಂಟೆಯ ಹೊತ್ತಿಗೆ ಮಗಳು ಚಮಚವನ್ನು ತಾನಾಗಿ ಕಚ್ಚಿ ಹಿಡಿದಳು. ಎರಡೂವರೆಗೆ ಮತ್ತೊಮ್ಮೆ ಭೇದಿ ಮಾಡಿದಳು. ನಾನು ಹೌಹಾರಿದೆ. ಸಿಡುಕಮ್ಮ ಒರೆಸಿ, ಬಟ್ಟೆ ನೋಡಿ, ತಲೆಯಾಡಿಸಿದಳು. ಉಚ್ಚೆ ಇನ್ನೂ ಇಲ್ಲ. ಮೂರಾಯಿತು. ಮೂರೂವರೆಯಾಯಿತು. ನರ್ಸಮ್ಮ ಎರಡು ಸಲ ಬಂದು ಹೊಟ್ಟೆಯ ಚರ್ಮ ಹಿಡಿದು ನೋಡಿ, ಪರವಾಗಿಲ್ಲ, ಬೇಗ ಇಳೀತಿದೆ ಎಂದು ಹೇಳಿ ಹೋದಳು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಮೇಜಿನ ಮೇಲೆ ಇಟ್ಟಿದ್ದಳು, ನನ್ನ ಕಣ್ಣು ಅದರ ಮೇಲೇ ಇತ್ತು. ಸಿಡುಕಮ್ಮ ಲಂಗೋಟಿ ಕಟ್ಟುವುದನ್ನೇ ಬಿಟ್ಟು, ಮಗುವನ್ನು ಹಾಗೇ ತನ್ನ ಸೀರೆಯ ಮೇಲೆ ಮಲಗಿಸಿಕೊಂಡಿದ್ದಳು. ಚಮಚ ಮಾತ್ರ ನಿಲ್ಲಲಿಲ್ಲ.

ನಾಲ್ಕಕ್ಕೆ ಸ್ವಲ್ಪ ಇರುವಾಗ ಆಕೆ ಚಮಚವನ್ನು ಗಾಳಿಯಲ್ಲೇ ಹಿಡಿದು ಕೂತುಬಿಟ್ಟಳು. ಮಡಿಲಿನ ಬಟ್ಟೆಯ ಮೇಲೆ ಕಪ್ಪಗೆ ಒಂದು ಒದ್ದೆ ಗುರುತು ಹರಡುತ್ತಿತ್ತು. ಅದು ಅಗಲವಾಗಿ ಆಕೆಯ ಮೊಣಕಾಲಿನವರೆಗೆ ಇಳಿದು ನೆಲಕ್ಕೆ ತೊಟ್ಟಿಕ್ಕಿತು.

"ಹಾಳಾದವಳು," ಎಂದಳು. "ಇದ್ದದ್ದು ಇದೊಂದೇ ನೆಟ್ಟಗಿನ ಸೀರೆ." ದನಿ ಒಡೆದುಹೋಯಿತು. ಹದಿನಾಲ್ಕು ವರ್ಷ ಯಾರೂ ಕಾಣದ ಆಕೆಯ ಕಣ್ಣೀರನ್ನು ನಾನು ಕಂಡೆ.

ನರ್ಸಮ್ಮ ಓಡಿಬಂದು ನೋಡಿ ನಕ್ಕು, ಬದಲಾಯಿಸಿಕೊಳ್ಳಲು ಒಂದು ಒಣ ಬಟ್ಟೆ ತಂದುಕೊಟ್ಟಳು. ಸಿಡುಕಮ್ಮ ಅದನ್ನು ಮಗುವಿಗೆ ಹೊದಿಸಿದಳು.

"ನಿಮಗೆ ತಂದಿದ್ದು, ಅಮ್ಮ. ಸೀರೆ ಪೂರ್ತಿ ಒದ್ದೆಯಾಗಿದೆ."

"ಇರಲಿ ಬಿಡು," ಎಂದಳು. ಆರು ಗಂಟೆಗೆ ನಮ್ಮನ್ನು ಮನೆಗೆ ಕಳಿಸುವವರೆಗೂ ಆ ಒದ್ದೆಯಲ್ಲೇ, ಒಂದಿಷ್ಟೂ ಅಲುಗಾಡದೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.