ಮಾತ್ರೆಗೂ ಕಲ್ಲಂಗಡಿಗೂ ಆಗಿಬರುವುದಿಲ್ಲ

ವಿಲ್ಯಾರಿಕಾದ ಬಸ್ ನಿಲ್ದಾಣದ ಎದುರು ನ್ಯಾ ದೆಯ್ದಾಮಿಯಾ ಮೂವತ್ತೊಂದು ವರ್ಷದಿಂದ ಔಷಧಿ ಅಂಗಡಿ ಇಟ್ಟಿದ್ದಾರೆ. ಅದರ ಜಗಲಿಯ ಮೇಲೆ ನಾನು ತೆರೆರೆ ಎಂಬ ತಣ್ಣನೆಯ ಎಲೆಪಾನೀಯದ ನೀರಿಗೆ ಹಾಕುವ ಸೊಪ್ಪು, ಬೇರು ಕುಟ್ಟಿ ಮಾರುತ್ತೇನೆ. ಒಳಗಿನದು ಶಾಸ್ತ್ರ, ಹೊರಗಿನದು ಅನುಭವ ಎಂದು ಹೇಳಿಕೊಳ್ಳುತ್ತಿರುತ್ತೇನೆ. ಗಿರಾಕಿಗಳು ಇನ್ನೂ ಒಪ್ಪಿಲ್ಲ.

ನಮ್ಮಲ್ಲಿ ಬೇಸಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ; ಆಗ ಫಾರ್ಮಸಿ ಓದುವವರೊಬ್ಬರು ದೆಯ್ದಾಮಿಯಾರ ಕೆಲಸ ನೋಡಿ ಕಲಿಯಲು ಬರುತ್ತಾರೆ. "ಮೊದಲ ವಾರ ಬಾಯಿಗೆ ರಜೆ," ಎನ್ನುತ್ತಾರೆ ದೆಯ್ದಾಮಿಯಾ. "ಜನರ ಹತ್ರ ಹೇಗೆ ಮಾತಾಡ್ತೀನಿ ನೋಡು, ಸಾಕು."

ಈ ಜನವರಿಯಲ್ಲಿ ಬಂದ ಮಿರ್ನಾಳ ಬಿಳಿ ಕೋಟಿನ ಇಸ್ತ್ರಿ ಎಷ್ಟು ಗಟ್ಟಿಯೆಂದರೆ, ಕೂತರೆ ಮುರಿದೀತು ಎನಿಸುತ್ತಿತ್ತು. ಮೂರನೆಯ ದಿನ ದೆಯ್ದಾಮಿಯಾ ಹಿಂದಿನ ಕೋಣೆಯಲ್ಲಿದ್ದಾಗ ಕರಾಯ್ ಎಲಿಹಿಯೊ ಬಂದರು. ಹೆಂಗಸರಿಗೆ 'ನ್ಯಾ' ಎನ್ನುವಂತೆ ಹಿರಿಯ ಗಂಡಸರಿಗೆ ನಾವು 'ಕರಾಯ್' ಎನ್ನುತ್ತೇವೆ. ಇವರು ಬಸ್ ಓಡಿಸಿ ನಿವೃತ್ತರಾದವರು. ಹಿಂದಿನ ವಾರ ಹಿತ್ತಲಲ್ಲಿ ತಲೆಸುತ್ತಿ ಬಿದ್ದಿದ್ದರು. ಮಿರ್ನಾ ಬಿಪಿ ನೋಡಿದಳು: ನೂರಾ ಎಂಬತ್ತೆಂಟು. ಬಾಯಿಯ ರಜೆ ಅಲ್ಲಿಗೆ ಮುಗಿಯಿತು. ರಕ್ತನಾಳ, ಮೂತ್ರಪಿಂಡ, ಲಕ್ವ—ಎರಡು ವರ್ಷದ ಪಾಠ ಆರೇ ನಿಮಿಷದಲ್ಲಿ. ಮುದುಕ ಪ್ರತಿ ಮಾತಿಗೂ "ಹೌದು ಡಾಕ್ಟೊರಾ" ಎಂದು, ಹೊರಗೆ ಬಂದು ನನ್ನ ಬೆಂಚಿನ ಮೇಲೆ ಕುಸಿದರು.

ಒಳಗೆ, ಹಿಂದಿನ ಕೋಣೆಯಿಂದ ಬಂದ ದೆಯ್ದಾಮಿಯಾರ ಮುಂದೆ ಮಿರ್ನಾ ಬೀಗುತ್ತಿದ್ದಳು: "ಪೂರ್ತಿ ಅರ್ಥ ಆಯ್ತು ಅವ್ರಿಗೆ. ಎಲ್ಲಕ್ಕೂ ಹೌದು ಅಂದ್ರು."

"ಅಯ್ಯೋ ಮಗಳೇ, ನಮ್ಮೂರಲ್ಲಿ ಹೌದು ಅನ್ನೋದು ತಪ್ಪಿಸ್ಕೊಂಡು ಹೋಗೋಕೆ. ಬಾ ನನ್ನ ಜೊತೆ."

ದೆಯ್ದಾಮಿಯಾ ಬಂದು ಮುದುಕನ ಪಕ್ಕ ಕುಳಿತರು. ನಾನು ಕೊಟ್ಟ ತೆರೆರೆಯನ್ನು ನಿಧಾನವಾಗಿ ಹೀರಿ ಕೇಳಿದರು: "ಈ ಸಲ ಕಲ್ಲಂಗಡಿ ಹೇಗೆ ಬಂದಿದೆ ಕರಾಯ್?"

"ಒಂದೊಂದೂ ಹಂದಿಮರಿ ಗಾತ್ರ! ದಿನಾ ಬೆಳಿಗ್ಗೆ ತಿಂತೀನಿ."

"ಬಿಪಿ ಮಾತ್ರೆ ಯಾವಾಗ?"

ಮುದುಕ ದನಿ ತಗ್ಗಿಸಿದರು. "ಕಲ್ಲಂಗಡಿ ಮೇಲೆ ವೈನ್ ಕುಡಿದೇ ನಮ್ಮ ಚಿಕ್ಕಪ್ಪ ಸತ್ತಿದ್ದು. ಮಾತ್ರೆ ವೈನ್‌ಗಿಂತ ಜೋರಲ್ವಾ? ಹಣ್ಣಿನ ಕಾಲ ಮುಗೀಲಿ ಅಂತ ಡಿಸೆಂಬರಿಂದ ಬಿಟ್ಟಿದ್ದೀನಿ."

ಮಿರ್ನಾ ಬಾಯಿ ತೆರೆದಳು. ದೆಯ್ದಾಮಿಯಾರ ಕೈ ಅವಳ ತೋಳಿನ ಮೇಲೆ ಬಿತ್ತು. ಆ ನಂಬಿಕೆಯನ್ನು ಅರ್ಧ ಊರಿಗೆ ಹಂಚಿದವನು ನಾನೇ ಆದ್ದರಿಂದ, ಬಹಳ ಶ್ರದ್ಧೆಯಿಂದ ಬೇರು ಕುಟ್ಟತೊಡಗಿದೆ.

ದೆಯ್ದಾಮಿಯಾ ನಗಲಿಲ್ಲ. "ಮನೆಯವರನ್ನ ಕಳ್ಕೊಂಡೋರಿಗೆ ಭಯ ಇರುತ್ತೆ. ಆದ್ರೆ ಈ ಮಾತ್ರೆಗೂ ಹಣ್ಣಿಗೂ ಜಗಳ ಇಲ್ಲ. ಅಷ್ಟಕ್ಕೂ ಹೆದರಿಕೆಯಾದ್ರೆ, ಕೋಳಿ ಕೂಗಿದಾಗ ಮಾತ್ರೆ, ಮಧ್ಯಾಹ್ನ ಹಣ್ಣು. ಒಂದರ ಮುಖ ಒಂದು ನೋಡಲ್ಲ. ಎಲ್ಲಿ, ನಾಳೆ ಏನು ಮಾಡ್ತೀರಿ, ನೀವೇ ಹೇಳಿ."

ಮುದುಕ ಹೇಳಿದರು, ಒಮ್ಮೆ ತಪ್ಪಾಗಿ, ಒಮ್ಮೆ ಸರಿಯಾಗಿ. ಆಮೇಲೆ ದೆಯ್ದಾಮಿಯಾ ಅಂಗಡಿಗೆ ಬೀಗ ಹಾಕಿ, ಅವರನ್ನು ತಾವೇ ಡಾಕ್ಟರ ಬಳಿ ಕರೆದೊಯ್ದರು.

ಮಿರ್ನಾ ಬಂದ ಎಂಟನೆಯ ದಿನ ಕರಾಯ್ ಮತ್ತೆ ಬಂದರು. ದೆಯ್ದಾಮಿಯಾ ಬೇಕೆಂದೇ ಕಪಾಟಿನ ಹಿಂದೆ ಸರಿದರು. ಮಿರ್ನಾ ಸುಮ್ಮನೆ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

"ಏನಮ್ಮಾ, ಇವತ್ತು ಪಾಠ ಇಲ್ವಾ?"

"ಇಲ್ಲ ಕರಾಯ್. ನೀವು ಹೇಳಿ."

ಅವರು ಹೇಳಿದರು: ಕೋಳಿ, ಮಾತ್ರೆ, ಮಧ್ಯಾಹ್ನ. ಆಮೇಲೆ ಯಾರೂ ಕೇಳದಿದ್ದರೂ, ಹೆಂಡತಿ ಇದ್ದಾಗ ಅವಳೇ ಬೆಳಿಗ್ಗೆ ಮಾತ್ರೆಗೆಂದು ನೀರಿನ ಲೋಟ ಹಿಡಿದು ಎದುರು ನಿಲ್ಲುತ್ತಿದ್ದುದನ್ನೂ ಹೇಳಿದರು. ಸರದಿಯಲ್ಲಿ ನಾಲ್ಕು ಜನ ನಿಂತಿದ್ದರು. ಮಿರ್ನಾ ಗಡಿಯಾರ ನೋಡಲಿಲ್ಲ.

"ನೂರಾ ನಲವತ್ತೆರಡು," ಎಂದಳು ಕೊನೆಗೆ.

ಕಪಾಟಿನ ಹಿಂದೆ ದೆಯ್ದಾಮಿಯಾ ಒಂದೇ ಸೀಸೆಯನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದರು.