ಫಾರಂ ತಳಿಯ ನಾಯಿಮರಿ

ಮಂಡ್ಯದ ನಮ್ಮ ಬೀದಿಯಲ್ಲಿ ಪಂಕಜಮ್ಮನವರ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಹಿತ್ತಲಿಂದ ಮರಿಗಳು ಕುಂಯ್‌ಗುಟ್ಟುವ ಮನೆ ಅದೊಂದೇ. ಗಂಡ ಪಾರ್ಥಸಾರಥಿ ಕಚೇರಿಯಲ್ಲಿ ಗುಮಾಸ್ತರು. ಮಡಿ ಮೈಲಿಗೆಯ ಅಯ್ಯಂಗಾರರ ಮನೆ, ಆದರೆ ಸೌದೆ ಕೊಟ್ಟಿಗೆಯಲ್ಲಿ ಸದಾ ಯಾವುದಾದರೂ ಬೀದಿ ನಾಯಿಯ ಬಾಣಂತನ. ಪೂಜೆ, ಅಡುಗೆ ಮುಗಿಸಿ, ಹಳೇ ಸೀರೆ ಸುತ್ತಿಕೊಂಡು ಗಂಜಿಯ ತಪ್ಪಲೆ ಹಿಡಿದು ಹಿತ್ತಲಿಗಿಳಿದರೆ, ಪುನಃ ಸ್ನಾನವಾಗದೆ ಆಕೆ ಒಳಗೆ ಕಾಲಿಡುತ್ತಿರಲಿಲ್ಲ. ಸೀಗೆಪುಡಿಯೆಲ್ಲ ನಾಯಿಗಳಿಂದಲೇ ಖರ್ಚಾಗುತ್ತಿದೆ ಎಂದು ಪಾರ್ಥಸಾರಥಿ ಗೊಣಗುತ್ತಿದ್ದರು. ಗೊಣಗಿಕೊಂಡೇ ಹಾಲಿನವನಿಗೆ ಇನ್ನೊಂದು ಪಾವು ಹೆಚ್ಚಿಗೆ ಹಾಕಲು ಹೇಳಿ ಬರುತ್ತಿದ್ದರು.

ಮರಿಗಳನ್ನು ಸಾಕುವುದಕ್ಕಿಂತ ಸಾಗಹಾಕುವುದೇ ಕಷ್ಟ. ಸಂತೆಯ ದಿನ ಮಂಕರಿಯಲ್ಲಿ ಮರಿಗಳನ್ನಿಟ್ಟುಕೊಂಡು ಆಕೆ ರಸ್ತೆ ತಿರುವಿನಲ್ಲಿ ನಿಲ್ಲುತ್ತಿದ್ದರು. ಮದ್ದೂರಿನವರು, ಮಳವಳ್ಳಿಯವರು ಬಂದು ಮರಿಯ ಕುತ್ತಿಗೆ ಹಿಡಿದೆತ್ತಿ ಉಗುರು ಎಣಿಸುವರು. ಇಪ್ಪತ್ತು ಉಗುರಿದ್ದರೆ ಧೈರ್ಯದ ನಾಯಿ ಎಂಬ ನಂಬಿಕೆ. ಹೆಣ್ಣೆಂದು ಗೊತ್ತಾದರೆ, "ಅತ್ಲಾಗ್ ಬುಡಿ" ಎಂದು ವಾಪಸ್ ಇಟ್ಟುಬಿಡುವರು. ನೋಡಿ ನೋಡಿ ರೋಸಿಹೋದ ಪಂಕಜಮ್ಮ ಒಂದು ಉಪಾಯ ಮಾಡಿದರು. "ಇದು ವಿ.ಸಿ. ಫಾರಂ ತಳಿ" ಎಂದರು. ಆ ಸರ್ಕಾರಿ ಕೃಷಿ ಫಾರಂನಿಂದ ಬಂದ ಬಿತ್ತನೆ ರಾಗಿ, ಕಬ್ಬಿನ ತುಂಡು ಕಂಡಿದ್ದ ರೈತರಿಗೆ ನಾಯಿಯ ಮೇಲೂ ನಂಬಿಕೆ ಬಂತು. ಮಂಕರಿ ಖಾಲಿ.

"ಏನ್ರೀ ಇದು, ಹಾಡುಹಗಲೇ ಸುಳ್ಳು" ಎಂದು ನಾನು ಬೈದೆ. ಪಕ್ಕದ ಮನೆಯವಳಾಗಿ ಅಷ್ಟು ಸಲಿಗೆ ನನಗಿತ್ತು.

"ಒಂದು ಜೀವಕ್ಕೆ ಮನೆ ಸಿಗತ್ತೆ. ಪೆರುಮಾಳು ನನ್ನನ್ನೇನೂ ಬೈಯಲ್ಲ" ಎಂದರು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಕೊಟ್ಟಿಗೆಯಲ್ಲಿದ್ದವಳು ಕೆಂಪಿ. ಅವಳ ಮರಿಗಳಲ್ಲಿ ಬದುಕಿದ್ದು ಒಂದೇ, ಹೆಣ್ಣು. ಒಂದು ಮಧ್ಯಾಹ್ನ ಎಲ್ಲಿಯದೋ ನಾಯಿ ಹಿತ್ತಲಿಗೆ ನುಗ್ಗಿ ಕೆಂಪಿಯ ಕುತ್ತಿಗೆಗೂ ಮರಿಯ ಕಿವಿಗೂ ಬಾಯಿ ಹಾಕಿ ಓಡಿಹೋಯಿತು. ನಾಯಿ ಜಗಳ ತಾನೆ ಎಂದು ಪಂಕಜಮ್ಮ ಎರಡಕ್ಕೂ ಅರಿಶಿನ ಮೆತ್ತಿದರು. ಗಾಯ ಒಣಗಿತು. ಕೆಲವು ವಾರಗಳಾದ ಮೇಲೆ ಬಂಡೂರಿನ ಕುರಿ ಸಾಕುವ ಮುದ್ದಯ್ಯ ಬಂದು, ಫಾರಂ ತಳಿ ಎಂದು ಕೇಳಿ, ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ. "ನಮ್ ಮಗೀಗೆ ಆಟಕ್ಕೂ ಆಯ್ತದೆ" ಎಂದಿದ್ದ.

ಆಮೇಲೆ ಕೆಂಪಿ ಸೌದೆಯಡಿ ಸೇರಿಕೊಂಡಳು. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಗಂಜಿ ಕೊಡಲು ಬಗ್ಗಿದ ಪಂಕಜಮ್ಮನ ಅಂಗೈಯನ್ನು ಕಚ್ಚಿ, ಮಾರನೆಯ ಬೆಳಿಗ್ಗೆಗೆ ಸತ್ತುಹೋದಳು. ಹುಚ್ಚು ಎಂಬ ಮಾತನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆಕೆಗೆ ನಾನು ಹೇಳಬೇಕಾಗಿಯೂ ಇರಲಿಲ್ಲ. "ಮರಿ ಹೋದ ಮನೇಲಿ ಮಗು ಇದೆ ಕಣೇ" ಎಂದರು. ಮೊದಲು ಆಸ್ಪತ್ರೆಗೆ ಹೋಗೋಣವೆಂದು ನಾನು ಕೈಮುಗಿದರೂ ಕೇಳದೆ ನನ್ನನ್ನೂ ಎಳೆದುಕೊಂಡು ಮಳವಳ್ಳಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನಗೆ ಆಕೆಯ ಪಕ್ಕ ಕೂರಲೂ ಹೆದರಿಕೆ, ಹಾಗೆ ಹೆದರಿದ್ದಕ್ಕೆ ನಾಚಿಕೆ.

ಬಂಡೂರಿನ ಆ ಮನೆಯ ಜಗಲಿಯಲ್ಲಿ ಮುದ್ದಯ್ಯನ ಆರು ವರ್ಷದ ಮಗಳು ಹೊಂಬಾಳಿ ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಮರಿ ಲವಲವಿಕೆಯಿಂದಲೇ ಇತ್ತು. ಹುಡುಗಿಯ ಮುಂಗೈ ತುಂಬ ಹಲ್ಲಿನ ಗೀರುಗಳು, ಒಂದೆರಡು ಹಸಿಯಾಗಿದ್ದವು.

ಪಂಕಜಮ್ಮ ವಿಷಯ ಹೇಳಿದರೆ ಮುದ್ದಯ್ಯನ ತಾಯಿ ಸಣ್ಣತಾಯಮ್ಮ ನಕ್ಕುಬಿಟ್ಟಳು. "ಪಾರಂ ನಾಯ್ಗೆಲ್ಲ ಉಚ್ಚು ಇಡಿಯಾಕಿಲ್ಲ ಕಣಮ್ಮ."

"ಫಾರಂ ಅಂದಿದ್ದು ಸುಳ್ಳು. ಬೀದಿ ನಾಯಿ ಮರಿ ಅದು. ತಾಯಿ ಇವತ್ತು ಬೆಳಿಗ್ಗೆ ಸತ್ತಿತು."

ಮುದ್ದಯ್ಯನ ಮುಖ ಗಂಟಿಕ್ಕಿತು. "ಯಾರಾನ ದೊಡ್ಡೋರು ಈ ಮರೀನೇ ಬೇಕು ಅಂದ್ರಾ? ಅದ್ಕೇ ಈ ಕತೆ ಕಟ್ಕಂಡು ಬಂದ್ರಾ? ಅವತ್ತೇಳಿದ್ದು ಸುಳ್ಳೋ, ಇವತ್ತೇಳ್ತಿರೋದು ಸುಳ್ಳೋ?"

ಪಂಕಜಮ್ಮ ಸೆರಗಿನೊಳಗಿದ್ದ ಕೈ ತೆಗೆದು ಬಟ್ಟೆ ಬಿಚ್ಚಿದರು. ಅಂಗೈ ಊದಿಕೊಂಡಿತ್ತು. "ಇದು ಅದರ ತಾಯಿ ಕಚ್ಚಿದ್ದು. ನಾನಿನ್ನೂ ಸೂಜಿ ಹಾಕಿಸಿಕೊಂಡಿಲ್ಲ. ನಿನ್ನ ಮಗಳು ಹಾಕಿಸಿಕೊಳ್ಳೋವರೆಗೂ ಹಾಕಿಸಿಕೊಳ್ಳಲ್ಲ" ಎಂದು ಜಗಲಿಯ ಮೇಲೆ ಕುಳಿತೇಬಿಟ್ಟರು.

ಕುರಿಗಳು ಮೇವಿಂದ ಮರಳಿ ಅಂಗಳ ತುಂಬಿದವು. ಆಕೆ ಅಲ್ಲಾಡಲಿಲ್ಲ. ಕಡೆಗೆ ಮುದ್ದಯ್ಯ ಮರಿಯನ್ನು ಗೂಟಕ್ಕೆ ಕಟ್ಟಿ, ಕೂಗಾಡುತ್ತಿದ್ದ ಮಗಳನ್ನು ಹೆಗಲಿಗೇರಿಸಿಕೊಂಡು ನಮ್ಮ ಜೊತೆ ಹೊರಟ.

ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು. ಅಪ್ಪ ಮಗಳು ಅಷ್ಟು ದಿನವೂ ಮಂಡ್ಯದಲ್ಲಿ ನಮ್ಮ ನಡುಮನೆಯಲ್ಲೇ ಉಳಿದರು. ದಿನವೂ ಮೊದಲು ಪಂಕಜಮ್ಮ ಚುಚ್ಚಿಸಿಕೊಂಡು, "ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ಹುಡುಗಿಗೆ ಹೇಳುತ್ತಿದ್ದರು. ಹೊರಗೆ ಬಂದು ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಷ್ಟರಲ್ಲಿ ಬಂಡೂರಿನಲ್ಲಿ ಮರಿ ಗೂಟವನ್ನೇ ಕಚ್ಚಿ ಕಚ್ಚಿ ಸತ್ತ ಸುದ್ದಿ ಬಂತು. ಸಣ್ಣತಾಯಮ್ಮ ಮುತ್ತತ್ತಿರಾಯನಿಗೆ ಹರಕೆ ಹೊತ್ತಳು.

ಸೂಜಿ ಮುಗಿದರೂ ಭಯ ಮುಗಿಯಲಿಲ್ಲ. ಈ ಕಾಯಿಲೆ ತಿಂಗಳುಗಟ್ಟಲೆ ಒಳಗೇ ಕಾದಿರಬಹುದು, ಬಂದವರಿಗೆ ನೀರು ಕಂಡರೆ ಗಂಟಲು ಕಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಂಕಜಮ್ಮ ವಾರವಾರವೂ ನನ್ನನ್ನು ಜೊತೆಗೆ ಕರೆದುಕೊಂಡು ಬಂಡೂರಿಗೆ ಹೋಗತೊಡಗಿದರು. ಜಗಲಿಯಲ್ಲಿ ಕುಳಿತು, ಹೊಂಬಾಳಿಗೆ ಒಂದು ಚೊಂಬು ನೀರು ತಂದು ಎದುರಿಗೇ ಕುಡಿಯಲು ಹೇಳುವರು. ಆ ಪುಟ್ಟ ಗಂಟಲು ಆಡುವುದನ್ನು ನೋಡಿ ಎದ್ದು ಬರುವರು. ತಾವು ಮಾತ್ರ ಬಿಸಿಲಲ್ಲಿ ಬೆಂದು ಬಂದಿದ್ದರೂ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಮಡಿ ಆಚರಿಸುವವರು, ಬೇರೆಯವರ ಮನೆಯ ನೀರು ಆಕೆಗೆ ಹುಟ್ಟಿದಾಗಿನಿಂದ ನಿಷಿದ್ಧ. ನಮಗೆ ಅದು ಎಷ್ಟು ಸಹಜವೆಂದರೆ, ನೋಡುವವರಿಗೆ ಹೇಗೆ ಕಂಡೀತೆಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಒಂದು ದಿನ ನಾವು ಹೋದಾಗ ಮನೆಯವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಮುದ್ದಯ್ಯನ ಕಣ್ಣು ಕೆಂಪಾಗಿತ್ತು. ಸಣ್ಣತಾಯಮ್ಮ ತುಂಬಿದ ಚೊಂಬನ್ನು ಪಂಕಜಮ್ಮನ ಮುಂದೆ ಇಟ್ಟಳು.

"ವಾರ್ವಾರಾನೂ ಮಗೀಗೆ ಕುಡುಸ್ತೀರಿ, ನೀವ್ ಒಂದ್ ದಿನಾನೂ ಕುಡೀನಿಲ್ಲ. ಈ ವಾರ್ವೆಲ್ಲ ನಮಗೆ ನಿದ್ದೆ ಇಲ್ಲ ಕಣವ್ವ. ನಿಮ್ಗೇನೂ ಆಗಿಲ್ಲ ಅಂತ ಒಂದ್ ಗುಟುಕು ಕುಡುದು ತೋರ್ಸ್‌ಬುಡಿ."

ಪಂಕಜಮ್ಮ ಚೊಂಬನ್ನೇ ನೋಡಿದರು. ಆಮೇಲೆ ಎತ್ತಿಕೊಂಡು, ಆ ಮನೆಯವರೆಲ್ಲ ತಮ್ಮ ಗಂಟಲನ್ನೇ ನೋಡುತ್ತಿದ್ದ ಹಾಗೆ, ಪೂರ್ತಿ ಕುಡಿದರು.